ರಾಜ್ಯಶಾಸ್ತ್ರದ ಸಂಶೋಧನಾ ವಿಧಾನಕ್ಕೆ ಮೊದಲ ಪಠ್ಯಪುಸ್ತಕ: ಪದೇ ಪದೇ ಕೇಳುವ ಪ್ರಶ್ನೆಗಳು

ಸಂಶೋಧನಾ ವಿಧಾನದ ಪೇಪರ್ ಅಂದರೆ ವಿದ್ಯಾರ್ಥಿಗಳಿಗೆ ಭಯ, ಪಾಠ ಮಾಡುವವರಿಗೂ ಒಳಗೊಳಗೇ ಅಳುಕು. ಅದರ ಮೇಲೆ ಪುಸ್ತಕವೂ ಕೈಕೊಟ್ಟರೆ ಸೆಮಿಸ್ಟರ್ ಮುಗಿದ ಹಾಗೇ. ಈ ಪೇಪರ್ ಹಲವು ವರ್ಷ ಪಾಠ ಮಾಡಿದ್ದೇನೆ. ಒಳ್ಳೆಯ ಪುಸ್ತಕ, ಕೆಟ್ಟ ಪುಸ್ತಕ ಎರಡನ್ನೂ ತರಗತಿಗೆ ಹೊತ್ತಿದ್ದೇನೆ. ಹೊಸದಾಗಿ ಪಾಠ ಶುರು ಮಾಡುವವರು, ತಾವೇ ಕೂತು ಓದುವವರು ಕೇಳುತ್ತಲೇ ಇರುವ ಪ್ರಶ್ನೆಗಳಿಗೆ ಇಲ್ಲಿ ಉತ್ತರ ಬರೆದಿದ್ದೇನೆ.

ಪುಸ್ತಕ ಕೈಗೆ ಬಂತು. ಮೊದಲು ಯಾವ ಪುಟ ತೆರೆಯಲಿ?

ಮುನ್ನುಡಿ ಬಿಡಿ. ಮೊದಲ ಅಧ್ಯಾಯವನ್ನೂ ಬಿಡಿ. ವಿಜ್ಞಾನ ಎಂದರೇನು, ರಾಜ್ಯಶಾಸ್ತ್ರ ವಿಜ್ಞಾನವೇ ಎಂದು ಶುರುವಾಗುವ ಆ ಅಧ್ಯಾಯ ಎಲ್ಲ ಪುಸ್ತಕದಲ್ಲೂ ಹೆಚ್ಚುಕಡಿಮೆ ಒಂದೇ. ಅದನ್ನು ಓದಿ ಪುಸ್ತಕದ ಯೋಗ್ಯತೆ ಹೇಳಲು ಆಗುವುದಿಲ್ಲ.

ಅದರ ಬದಲು ಒಂದು ಪ್ರಶ್ನೆ ಜೇಬಲ್ಲಿಟ್ಟುಕೊಂಡು ಪುಸ್ತಕದೊಳಗೆ ಹೋಗಿ. ನಾನು ಯಾವಾಗಲೂ ಒಯ್ಯುವ ಪ್ರಶ್ನೆ ಇದು: ‘ಜಾಸ್ತಿ ಓದಿದವರು ಜಾಸ್ತಿ ಓಟು ಹಾಕುತ್ತಾರಾ?’ ಪ್ರತಿ ಅಧ್ಯಾಯದ ಹತ್ತಿರ ನಿಂತು ಈ ಪ್ರಶ್ನೆಗೆ ಇಲ್ಲಿ ಏನು ಸಹಾಯ ಸಿಗುತ್ತದೆ ಎಂದು ನೋಡಿ. ‘ಓದು’ ಅಂದರೆ ಶಾಲೆಯಲ್ಲಿ ಕಳೆದ ವರ್ಷಗಳಾ, ಪಡೆದ ಪದವಿಯಾ? ಓಟು ಹಾಕಿದ್ದನ್ನು ಅವರ ಬಾಯಿಂದಲೇ ಕೇಳಬೇಕಾ, ದಾಖಲೆ ನೋಡಬೇಕಾ? ಎಷ್ಟು ಜನರನ್ನು, ಹೇಗೆ ಆರಿಸಿ ಕೇಳಬೇಕು? ಓದಿಗೂ ಓಟಿಗೂ ನಂಟು ಕಂಡರೆ ಅದು ಓದಿನಿಂದ ಬಂತಾ, ಮನೆಯ ಅನುಕೂಲದಿಂದ ಬಂತಾ?

ಒಳ್ಳೆಯ ಪುಸ್ತಕದಲ್ಲಿ ನಿಮ್ಮ ಪ್ರಶ್ನೆ ಒಂದು ಅಧ್ಯಾಯದಿಂದ ಮುಂದಿನದಕ್ಕೆ ದಾಟುತ್ತದೆ. ಕೆಟ್ಟ ಪುಸ್ತಕದಲ್ಲಿ ಎರಡನೇ ಅಧ್ಯಾಯದಲ್ಲೇ ಕಳೆದುಹೋಗುತ್ತದೆ. ಪ್ರಾಕ್ಕಲ್ಪನೆಯ (ಪರೀಕ್ಷಿಸಲು ಮುಂದಿಡುವ ಊಹೆಯ) ಅಧ್ಯಾಯದಲ್ಲಿ ಯುದ್ಧದ ಉದಾಹರಣೆ, ಸ್ಯಾಂಪಲಿಂಗ್‌ಗೆ ಬಣ್ಣದ ಚೆಂಡುಗಳು, ಅಂಕಿಅಂಶಕ್ಕೆ ಬಂದರೆ ವಿದ್ಯಾರ್ಥಿಗಳ ಎತ್ತರ. ಯಾವುದಕ್ಕೂ ಯಾವುದಕ್ಕೂ ಸಂಬಂಧ ಇರುವುದಿಲ್ಲ.

ಅಳತೆಯ ಅಧ್ಯಾಯಕ್ಕೆ ಯಾಕೆ ಅಷ್ಟು ತಲೆ ಕೆಡಿಸಿಕೊಳ್ಳಬೇಕು?

ನಮ್ಮ ಶಾಸ್ತ್ರದಲ್ಲಿ ಅಳೆಯಲು ಹೊರಡುವ ವಸ್ತುಗಳು ಕಣ್ಣಿಗೆ ಕಾಣುವುದಿಲ್ಲ. ಪ್ರಜಾಪ್ರಭುತ್ವವನ್ನೇ ತೆಗೆದುಕೊಳ್ಳಿ. ಪಾಲಿಟಿ ಎಂಬ ದತ್ತಾಂಶ ಪಟ್ಟಿ ದೇಶಗಳಿಗೆ -10ರಿಂದ +10ರವರೆಗೆ ಅಂಕ ಕೊಡುತ್ತದೆ. ಜಾಸ್ತಿ ಬಂದರೆ ಜಾಸ್ತಿ ಪ್ರಜಾಪ್ರಭುತ್ವ. ಫ್ರೀಡಂ ಹೌಸ್ ದಶಕಗಳ ಕಾಲ ಬಳಸಿದ್ದು 1ರಿಂದ 7ರ ಅಳತೆ. ಅಲ್ಲಿ 1 ಬಂದರೆ ಅತಿ ಸ್ವತಂತ್ರ, 7 ಬಂದರೆ ಅತಿ ಕಡಿಮೆ. ರಾಜ್ಯಶಾಸ್ತ್ರಜ್ಞ ಆಡಂ ಪ್ರಜೆವೋರ್ಸ್ಕಿ ಮತ್ತವರ ಜೊತೆಗಾರರ ಅಳತೆಯಲ್ಲಿ ಮಧ್ಯದ ಮೆಟ್ಟಿಲೇ ಇಲ್ಲ. ಒಂದೋ ಪ್ರಜಾಪ್ರಭುತ್ವ, ಇಲ್ಲವೋ ಸರ್ವಾಧಿಕಾರ, ಅಷ್ಟೇ. ಒಂದೇ ದೇಶ ಮೂರು ಕಡೆ ಮೂರು ರೀತಿ ಕಾಣಬಹುದು. ಮೊದಲ ಎರಡರ ದಿಕ್ಕು ಉಲ್ಟಾ ಇರುವುದನ್ನು ಗಮನಿಸದ ವಿದ್ಯಾರ್ಥಿಗೆ ಫಲಿತಾಂಶವೂ ಉಲ್ಟಾ ಬರುತ್ತದೆ!

ಈ ಮೂರರಲ್ಲಿ ಯಾವುದು ಸರಿ ಎಂದು ಪುಸ್ತಕ ತೀರ್ಪು ಕೊಡಬೇಕಿಲ್ಲ. ಯಾವ ಪ್ರಶ್ನೆಗೆ ಯಾವ ಅಳತೆ ಹೊಂದುತ್ತದೆ ಎಂದು ತೋರಿಸಿದರೆ ಸಾಕು.

ಇದೇ ಅಧ್ಯಾಯದಲ್ಲಿ ಸಿಂಧುತ್ವ ಮತ್ತು ವಿಶ್ವಾಸಾರ್ಹತೆ ಬರುತ್ತವೆ. ಎರಡಕ್ಕೂ ವ್ಯಾಖ್ಯಾನ ಕೊಟ್ಟು ಮುಂದೆ ಓಡಿದ್ದರೆ ಅನುಮಾನ ಪಡಿ. ನಮ್ಮ ಓಟಿನ ಪ್ರಶ್ನೆಯನ್ನೇ ಇಲ್ಲಿಗೆ ತನ್ನಿ. ಅಮೆರಿಕದಲ್ಲಿ 1948ರಿಂದ ರಾಷ್ಟ್ರೀಯ ಚುನಾವಣಾ ಅಧ್ಯಯನ ನಡೆಯುತ್ತಿದೆ. ಅಲ್ಲಿ ಓಟು ಹಾಕಿದ್ದೇವೆ ಎನ್ನುವವರ ಪ್ರಮಾಣ ನಿಜವಾದ ಮತದಾನಕ್ಕಿಂತ ಯಾವಾಗಲೂ ಜಾಸ್ತಿ. ಓಟು ಹಾಕದವನಿಗೆ ಹಾಗೆಂದು ಒಪ್ಪಿಕೊಳ್ಳಲು ಮುಜುಗರ. ಹತ್ತು ಸಲ ಕೇಳಿದರೂ ಹತ್ತು ಸಲವೂ ‘ಹಾಕಿದ್ದೆ’ ಅಂತಾನೆ. ಉತ್ತರ ಬದಲಾಗುತ್ತಿಲ್ಲ, ಹಾಗಾಗಿ ವಿಶ್ವಾಸಾರ್ಹತೆ ಇದೆ. ಉತ್ತರ ನಿಜವಲ್ಲ, ಹಾಗಾಗಿ ಸಿಂಧುತ್ವ ಇಲ್ಲ. ಜಾಸ್ತಿ ಓದಿದವರಿಗೆ ಈ ಮುಜುಗರವೂ ಜಾಸ್ತಿ ಇದ್ದರೆ? ಆಗ ನಮ್ಮ ಇಡೀ ಪ್ರಶ್ನೆಯೇ ಅಲ್ಲಾಡುತ್ತದೆ. ಇಷ್ಟು ದೂರ ಕರೆದೊಯ್ಯುವ ಪುಸ್ತಕ ಸಿಕ್ಕರೆ ಕೈಬಿಡಬೇಡಿ.

ಪುಸ್ತಕದಲ್ಲಿರುವುದು ಸರಿಯೋ ತಪ್ಪೋ ಎಂದು ಪೂರ್ತಿ ಓದದೆ ತಿಳಿಯಬಹುದಾ?

ಎಲ್ಲವನ್ನೂ ತಿಳಿಯಲು ಆಗುವುದಿಲ್ಲ. ಆದರೆ ಪುಸ್ತಕಗಳು ಮಾಮೂಲಾಗಿ ಎಡವುವ ಜಾಗಗಳಿವೆ. ಅಲ್ಲಿ ಬೆರಳಿಟ್ಟು ನೋಡಿ.

ಮೊದಲನೆಯದು 1936ರ ಲಿಟರರಿ ಡೈಜೆಸ್ಟ್ ಕಥೆ. ಇದಿಲ್ಲದ ವಿಧಾನದ ಪುಸ್ತಕ ನಾನು ಕಂಡಿಲ್ಲ. ಅಮೆರಿಕದ ಆ ಪತ್ರಿಕೆ ಅಧ್ಯಕ್ಷೀಯ ಚುನಾವಣೆಯಲ್ಲಿ ಯಾರಿಗೆ ಓಟು ಎಂದು ಕೇಳಿ ಸುಮಾರು 1 ಕೋಟಿ ಜನರಿಗೆ ಚೀಟಿ ಕಳಿಸಿತು. ಸುಮಾರು 24 ಲಕ್ಷ ವಾಪಸ್ ಬಂದವು. ಲ್ಯಾಂಡನ್ ಗೆಲ್ಲುತ್ತಾರೆ ಎಂದಿತು. ರೂಸ್‌ವೆಲ್ಟ್ 48 ರಾಜ್ಯಗಳಲ್ಲಿ 46 ಗೆದ್ದರು. ಹೆಸರುಗಳನ್ನು ಫೋನ್ ಮತ್ತು ಕಾರು ಇದ್ದವರ ಪಟ್ಟಿಗಳಿಂದ ತೆಗೆದಿದ್ದರು, ಸಿಕ್ಕವರೆಲ್ಲ ಶ್ರೀಮಂತರೇ, ಅದಕ್ಕೇ ಎಡವಟ್ಟಾಯಿತು ಎಂದು ಎಷ್ಟೋ ಪುಸ್ತಕಗಳು ಹೇಳಿ ನಿಲ್ಲಿಸುತ್ತವೆ. ಅದು ಅರ್ಧ ಕಥೆ. 1988ರಲ್ಲಿ ಪೆವೆರಿಲ್ ಸ್ಕ್ವೈರ್ 1937ರ ಒಂದು ಗ್ಯಾಲಪ್ ಸಮೀಕ್ಷೆಯ ದತ್ತಾಂಶ ತೆಗೆದು ಪರಿಶೀಲಿಸಿದರು. ಚೀಟಿ ಪಡೆದವರೆಲ್ಲ ಉತ್ತರಿಸಿದ್ದರೆ ಪತ್ರಿಕೆ ಕನಿಷ್ಠ ಗೆಲ್ಲುವವರನ್ನಾದರೂ ಸರಿಯಾಗಿ ಹೇಳುತ್ತಿತ್ತು ಎಂದು ಕಂಡುಬಂತು. ಪಟ್ಟಿಯಲ್ಲಿ ಒಂದು ತಪ್ಪು, ಯಾರು ಉತ್ತರಿಸಿದರು ಎನ್ನುವುದರಲ್ಲಿ ಇನ್ನೊಂದು ತಪ್ಪು. ನಿಮ್ಮ ಪುಸ್ತಕ ಎರಡನೆಯದನ್ನೂ ಹೇಳಿದರೆ, ಬರೆದವರು ಹಳೆಯ ಪುಸ್ತಕ ನೋಡಿಕೊಂಡು ಹೊಸದು ಬರೆದಿಲ್ಲ ಎಂದು ಗೊತ್ತಾಗುತ್ತದೆ.

ಆಮೇಲೆ ಪಿ ಮೌಲ್ಯ. ‘ಪಿ 0.05ಕ್ಕಿಂತ ಕಡಿಮೆ ಬಂದರೆ ನಮ್ಮ ಪ್ರಾಕ್ಕಲ್ಪನೆ ನಿಜವಾಗಿರುವ ಸಾಧ್ಯತೆ 95 ಪರ್ಸೆಂಟ್’ ಎಂಬ ವಾಕ್ಯ ಕಂಡರೆ ಪುಸ್ತಕ ಕೆಳಗಿಡಿ. ನಿಜಕ್ಕೂ ಯಾವ ನಂಟೂ ಇಲ್ಲದಿದ್ದರೆ, ಇಂಥ ಅಥವಾ ಇದಕ್ಕಿಂತ ದೊಡ್ಡ ವ್ಯತ್ಯಾಸ ಆಕಸ್ಮಿಕವಾಗಿ ಕಾಣುವ ಸಾಧ್ಯತೆ ಎಷ್ಟು ಎಂದಷ್ಟೇ ಆ ಅಂಕಿ ಹೇಳುತ್ತದೆ. ಈ ಗೊಂದಲ ಎಷ್ಟು ಹಬ್ಬಿತ್ತೆಂದರೆ 2016ರಲ್ಲಿ ಅಮೆರಿಕದ ಸಂಖ್ಯಾಶಾಸ್ತ್ರಜ್ಞರ ಸಂಘವೇ ಅದರ ಬಗ್ಗೆ ಹೇಳಿಕೆ ಹೊರಡಿಸಬೇಕಾಯಿತು.

ಮೂರನೆಯದು ಸ್ಯಾಂಪಲ್ ಗಾತ್ರ. ಸರಿಯಾಗಿ ಯಾದೃಚ್ಛಿಕವಾಗಿ (ಚೀಟಿ ಎತ್ತಿದ ಹಾಗೆ) ಆರಿಸಿದ 1,000 ಜನರ ಸಮೀಕ್ಷೆಯಲ್ಲಿ ತಪ್ಪಿನ ಅಂಚು, ಅಂದರೆ ಉತ್ತರ ನಿಜದಿಂದ ಸರಿಯಬಹುದಾದ ದೂರ, ಸುಮಾರು 3 ಪರ್ಸೆಂಟ್ ಪಾಯಿಂಟ್ ಆಚೀಚೆ. ಅದನ್ನು ಅರ್ಧ ಮಾಡಬೇಕಾದರೆ 2,000 ಸಾಲದು, 4,000 ಜನ ಬೇಕು. ದೇಶದ ಜನಸಂಖ್ಯೆ 50 ಲಕ್ಷವೋ 50 ಕೋಟಿಯೋ, ಈ ಲೆಕ್ಕಕ್ಕೆ ಹೆಚ್ಚು ವ್ಯತ್ಯಾಸ ಇಲ್ಲ. ‘ಜನಸಂಖ್ಯೆಯ 10 ಪರ್ಸೆಂಟ್ ಸ್ಯಾಂಪಲ್ ಇರಬೇಕು’ ಎಂದು ಬರೆದ ಪುಸ್ತಕಗಳನ್ನು ನೋಡಿದ್ದೇನೆ. ಆ ನಿಯಮ ಎಲ್ಲಿಂದ ಬಂತೋ ದೇವರಿಗೇ ಗೊತ್ತು.

ಸಹಸಂಬಂಧ (ಎರಡು ಸಂಗತಿ ಜೊತೆಜೊತೆಗೆ ಏರಿಳಿಯುವುದು) ಬೇರೆ, ಕಾರಣ ಬೇರೆ ಅಂತ ಎಲ್ಲ ಪುಸ್ತಕದಲ್ಲೂ ಇರುತ್ತದಲ್ವಾ?

ಇರುತ್ತದೆ. ದಪ್ಪಕ್ಷರದಲ್ಲೂ ಇರುತ್ತದೆ. ಆದರೆ ಹೇಳಿ ಕೈತೊಳೆದುಕೊಂಡಿದ್ದಾರಾ, ಕೆಲಸ ಮಾಡಿ ತೋರಿಸಿದ್ದಾರಾ ಎಂದು ನೋಡಬೇಕು.

ಅಮೆರಿಕದಲ್ಲಿ ಯಾವುದೇ ಒಂದು ಚುನಾವಣೆ ನೋಡಿದರೂ ಜಾಸ್ತಿ ಓದಿದವರು ಜಾಸ್ತಿ ಓಟು ಹಾಕಿರುತ್ತಾರೆ. ಆದರೆ 1960ರ ನಂತರದ ಎರಡು ದಶಕಗಳಲ್ಲಿ ದೇಶದ ಓದು ಏರುತ್ತ ಹೋಯಿತು, ಅಧ್ಯಕ್ಷೀಯ ಚುನಾವಣೆಯ ಮತದಾನ ಇಳಿಯುತ್ತ ಹೋಯಿತು. 1978ರಲ್ಲಿ ರಿಚರ್ಡ್ ಬ್ರಾಡಿ ಇದನ್ನು ಒಗಟಿನಂತೆ ಎತ್ತಿ ಮುಂದಿಟ್ಟರು. ಓದೇ ಕಾರಣವಾಗಿದ್ದರೆ ಮತದಾನ ಏರಬೇಕಿತ್ತು. ಅಥವಾ ಬೇರೇನೋ ಅದನ್ನು ಕೆಳಗೆ ಎಳೆಯುತ್ತಿತ್ತು. ಅಥವಾ ಓದು ಬರೀ ಸಾಮಾಜಿಕ ಸ್ಥಾನದ ಗುರುತಾಗಿತ್ತು: ಎಲ್ಲರೂ ಒಂದು ಮೆಟ್ಟಿಲು ಹತ್ತಿದರೆ ಯಾರ ಸ್ಥಾನವೂ ಬದಲಾಗುವುದಿಲ್ಲ. ಇಂಥ ಒಂದು ಒಗಟು ಕೊಟ್ಟು ವಿದ್ಯಾರ್ಥಿಯನ್ನು ಒಂದು ವಾರ ಒದ್ದಾಡಿಸುವ ಪುಸ್ತಕಕ್ಕೆ ನನ್ನ ಓಟು.

ಇದರ ಪಕ್ಕದಲ್ಲೇ ಗುಂಪಿನ ಅಂಕಿಯಿಂದ ವ್ಯಕ್ತಿಯ ಬಗ್ಗೆ ತೀರ್ಮಾನಿಸುವ ತಪ್ಪಿನ ಚರ್ಚೆಯೂ ಇರಬೇಕು. 1950ರಲ್ಲಿ ವಿಲಿಯಂ ರಾಬಿನ್ಸನ್ 1930ರ ಅಮೆರಿಕ ಜನಗಣತಿ ತೆಗೆದು ತೋರಿಸಿದ್ದು ಇದನ್ನೇ. ರಾಜ್ಯಗಳನ್ನು ಹೋಲಿಸಿದರೆ, ವಿದೇಶದಲ್ಲಿ ಹುಟ್ಟಿದವರು ಜಾಸ್ತಿ ಇದ್ದ ಕಡೆ ಅನಕ್ಷರತೆ ಕಡಿಮೆ. ಸಹಸಂಬಂಧ ಸುಮಾರು -0.53. ವ್ಯಕ್ತಿಗಳನ್ನು ನೋಡಿದರೆ ಅದು +0.12, ಅಂದರೆ ವಲಸಿಗರಲ್ಲೇ ಅನಕ್ಷರತೆ ಸ್ವಲ್ಪ ಜಾಸ್ತಿ. ವಲಸಿಗರು ಹೋಗಿ ನೆಲೆಸಿದ್ದ ರಾಜ್ಯಗಳಲ್ಲಿ ಸ್ಥಳೀಯರು ಮೊದಲೇ ಚೆನ್ನಾಗಿ ಓದಿಕೊಂಡಿದ್ದರು. ಅದಕ್ಕೇ ಚಿಹ್ನೆಯೇ ತಿರುಗಿಬಿಟ್ಟಿತು. ಕ್ಷೇತ್ರವಾರು ಫಲಿತಾಂಶ ನೋಡಿ ‘ಇಂಥವರು ಇಂಥ ಪಕ್ಷಕ್ಕೆ ಹಾಕಿದರು’ ಎಂದು ಟಿವಿಯಲ್ಲಿ ಹೇಳುವವರಿಗೂ ಈ ಪಾಠ ಬೇಕು ಅನ್ನಿಸುತ್ತದೆ.

ಕೋಷ್ಟಕಗಳನ್ನು ಹೇಗೆ ಪರೀಕ್ಷಿಸುವುದು?

ಪರ್ಸೆಂಟ್ ಯಾವ ದಿಕ್ಕಿಗೆ ಲೆಕ್ಕ ಹಾಕಿದ್ದಾರೆ ನೋಡಿ. ಸಣ್ಣ ಲೆಕ್ಕ ಮಾಡೋಣ. 200 ಪದವೀಧರರಲ್ಲಿ 150 ಜನ ಓಟು ಹಾಕಿದ್ದಾರೆ. ಪದವಿ ಇಲ್ಲದ 800 ಜನರಲ್ಲಿ 480. ಮೊದಲ ಗುಂಪಿನಲ್ಲಿ 75 ಪರ್ಸೆಂಟ್, ಎರಡನೆಯದರಲ್ಲಿ 60. ಪದವೀಧರರು ಜಾಸ್ತಿ ಹಾಕಿದ್ದಾರೆ. ಈಗ ಅದೇ ಅಂಕಿಗಳನ್ನು ಇನ್ನೊಂದು ದಿಕ್ಕಿಗೆ ತಿರುಗಿಸಿ. ಓಟು ಹಾಕಿದ 630 ಜನರಲ್ಲಿ ಪದವೀಧರರು ಸುಮಾರು 24 ಪರ್ಸೆಂಟ್ ಮಾತ್ರ! ‘ನೋಡಿ, ಓಟು ಹಾಕುವವರಲ್ಲಿ ಮುಕ್ಕಾಲು ಪಾಲು ಪದವಿ ಇಲ್ಲದವರು, ಓದಿದವರಿಗೆ ಆಸಕ್ತಿಯೇ ಇಲ್ಲ’ ಎಂದು ಬರೆದುಬಿಡಬಹುದು.

ನಾನು ಮೊದಲ ವರ್ಷ ಪಾಠ ಮಾಡಿದ ಪುಸ್ತಕದಲ್ಲಿ ಹೀಗೇ ಒಂದು ಕೋಷ್ಟಕ ತಪ್ಪು ದಿಕ್ಕಿಗಿತ್ತು. ಹಿಂದಿನ ರಾತ್ರಿ ನಾನೂ ಗಮನಿಸಿರಲಿಲ್ಲ. ತರಗತಿಯಲ್ಲಿ ಹಿಂದಿನ ಬೆಂಚಿನ ಹುಡುಗಿಯೊಬ್ಬಳು, ‘ಸರ್, ಪದವೀಧರರೇ ಕಡಿಮೆ ಇದಾರಲ್ವಾ, ಹಾಗಾಗಿ ಅವರ ಪಾಲು ಕಡಿಮೆ ಬಂತು ಅಷ್ಟೇ ಅಲ್ವಾ?’ ಅಂದಳು. ಅವತ್ತಿನಿಂದ ಪುಸ್ತಕ ಕೈಗೆ ಬಂದರೆ ಮೊದಲು ಕೋಷ್ಟಕ ನೋಡುತ್ತೇನೆ.

ಗುಣಾತ್ಮಕ ವಿಧಾನಕ್ಕೆ (ಅಂಕಿಗಿಂತ ಸಂದರ್ಶನ, ಪ್ರಕರಣಗಳನ್ನು ನಂಬುವ ವಿಧಾನಕ್ಕೆ) ಒಂದೇ ಅಧ್ಯಾಯ ಇದೆ. ಪರವಾಗಿಲ್ವಾ?

ಅಧ್ಯಾಯದ ಎಣಿಕೆ ಮುಖ್ಯ ಅಲ್ಲ, ಅದರೊಳಗಿನ ಧಾಟಿ ಮುಖ್ಯ. ‘ಸಂದರ್ಶನ ಮಾಡುವಾಗ ಸ್ನೇಹದಿಂದಿರಿ, ಟಿಪ್ಪಣಿ ಬರೆದುಕೊಳ್ಳಿ’ ಎಂಬ ಮಟ್ಟದಲ್ಲೇ ಮುಗಿದರೆ ಅದು ಸುಮ್ನೆ ಪುಟ ತುಂಬಿಸಿದ್ದು. ಪ್ರಕರಣಗಳನ್ನು ಹೇಗೆ ಆರಿಸಬೇಕು ಎನ್ನುವ ಚರ್ಚೆ ಹುಡುಕಿ.

ಬಾರ್ಬರಾ ಗೆಡ್ಡೆಸ್ 1990ರಲ್ಲಿ ತೋರಿಸಿದ ಉದಾಹರಣೆ ಇಲ್ಲಿಗೆ ಹೇಳಿ ಮಾಡಿಸಿದಂತಿದೆ. ದಕ್ಷಿಣ ಕೊರಿಯಾ, ತೈವಾನ್, ಸಿಂಗಪುರ ವೇಗವಾಗಿ ಬೆಳೆದವು. ಅಲ್ಲೆಲ್ಲ ಕಾರ್ಮಿಕ ಸಂಘಟನೆಗಳನ್ನು ಹತ್ತಿಕ್ಕಲಾಗಿತ್ತು. ಹಾಗಾದರೆ ಕಾರ್ಮಿಕರನ್ನು ಹತ್ತಿಕ್ಕಿದರೆ ದೇಶ ಬೆಳೆಯುತ್ತದಾ? ಬೆಳೆದ ದೇಶಗಳನ್ನಷ್ಟೇ ನೋಡಿದರೆ ಹಾಗೇ ಕಾಣುತ್ತದೆ. ಹತ್ತಿಕ್ಕಿಯೂ ಬೆಳೆಯದ ದೇಶಗಳನ್ನು ಪಟ್ಟಿಗೆ ಸೇರಿಸಿದ ಮೇಲೆ ಆ ನಂಟು ಸಡಿಲವಾಯಿತು. ಗೆದ್ದವರನ್ನಷ್ಟೇ ನೋಡಿ ಗೆಲುವಿನ ಗುಟ್ಟು ಹೇಳುವ ಚಾಳಿ ಇದು.

ಇನ್ನೊಂದು ವಿಷಯ. ಕಿಂಗ್, ಕೊಹೇನ್, ವರ್ಬಾ ಮೂವರು 1994ರಲ್ಲಿ, ಗುಣಾತ್ಮಕ ಆಗಲಿ ಪರಿಮಾಣಾತ್ಮಕ (ಅಂಕಿಗಳದ್ದು) ಆಗಲಿ, ತೀರ್ಮಾನಕ್ಕೆ ಬರುವ ತರ್ಕ ಒಂದೇ ಎಂದು ವಾದಿಸಿದರು. ಅದಕ್ಕೆ ಗುಣಾತ್ಮಕ ಕಡೆಯವರಿಂದ ಬಲವಾದ ಉತ್ತರಗಳು ಬಂದವು. ಮೊದಲ ಪುಸ್ತಕದಲ್ಲಿ ಈ ಜಗಳ ಪೂರ್ತಿ ಬೇಕಿಲ್ಲ. ಆದರೆ ಜಗಳವೇ ಇಲ್ಲ ಎನ್ನುವ ಹಾಗೆ ಬರೆದಿದ್ದರೆ ಬರೆದವರು ಒಂದು ಪಕ್ಷ ಸೇರಿ ಅದನ್ನು ಮುಚ್ಚಿಟ್ಟಿದ್ದಾರೆ ಎಂದೇ ಅರ್ಥ.

ಪ್ರಯೋಗಗಳ ಬಗ್ಗೆ ಅಧ್ಯಾಯ ಬೇಕೇ ಬೇಕಾ? ರಾಜಕೀಯದಲ್ಲಿ ಪ್ರಯೋಗ ಮಾಡಲು ಆಗುತ್ತದಾ?

ಆಗುತ್ತದೆ, ಬೇಕು. ಹೆರಾಲ್ಡ್ ಗಾಸ್ನೆಲ್ 1924ರಲ್ಲೇ ಷಿಕಾಗೊದಲ್ಲಿ ಮತದಾರರಿಗೆ ಅಂಚೆ ಕಳಿಸಿ ಪ್ರಯೋಗ ಮಾಡಿದ್ದರು. 2006ರಲ್ಲಿ ಮಿಷಿಗನ್ ರಾಜ್ಯದಲ್ಲಿ ಗರ್ಬರ್, ಗ್ರೀನ್, ಲ್ಯಾರಿಮರ್ ಸುಮಾರು 1,80,000 ಮನೆಗಳನ್ನು ಯಾದೃಚ್ಛಿಕವಾಗಿ ಗುಂಪು ಮಾಡಿದರು. ಒಂದು ಗುಂಪಿಗೆ ಹೋದ ಪತ್ರದಲ್ಲಿ ಆ ಮನೆಯವರು ಮತ್ತು ಅಕ್ಕಪಕ್ಕದವರು ಹಿಂದಿನ ಚುನಾವಣೆಗಳಲ್ಲಿ ಓಟು ಹಾಕಿದ್ದಾರಾ ಇಲ್ವಾ ಎಂದು ಅಚ್ಚಾಗಿತ್ತು. ಚುನಾವಣೆ ಮುಗಿದ ಮೇಲೆ ಪಟ್ಟಿ ಮತ್ತೆ ಕಳಿಸುತ್ತೇವೆ ಎಂಬ ಮಾತೂ ಇತ್ತು. ಪತ್ರವೇ ಬಾರದ ಮನೆಗಳಲ್ಲಿ ಮತದಾನ 29.7 ಪರ್ಸೆಂಟ್. ಈ ಪತ್ರ ಬಂದ ಮನೆಗಳಲ್ಲಿ 37.8.

ಇಂಥ ಅಧ್ಯಯನ ವಿವರಿಸಿ, ಪಕ್ಕದಲ್ಲೇ ‘ಹೀಗೆ ಮಾಡುವುದು ಸರಿಯಾ?’ ಎಂದೂ ಕೇಳುವ ಪುಸ್ತಕ ನನಗೆ ಇಷ್ಟ.

ನೈತಿಕತೆಯ ಅಧ್ಯಾಯ ಕೊನೆಯಲ್ಲಿ ನಾಲ್ಕು ಪುಟ ಇದೆ. ಸಾಕಾ?

ಸಾಲದು. ಒಪ್ಪಿಗೆ ಪತ್ರ, ಗೌಪ್ಯತೆ ಎಂದು ಪಟ್ಟಿ ಕೊಟ್ಟರೆ ವಿದ್ಯಾರ್ಥಿ ಅದನ್ನು ಬಾಯಿಪಾಠ ಮಾಡುತ್ತಾನೆ, ಮರೆಯುತ್ತಾನೆ. ನಡೆದ ಎಡವಟ್ಟುಗಳನ್ನು ಹೇಳಬೇಕು. 2014ರಲ್ಲಿ ಅಮೆರಿಕದ ಮೊಂಟಾನಾದಲ್ಲಿ ಸಂಶೋಧಕರು ಸುಮಾರು 1 ಲಕ್ಷ ಮತದಾರರಿಗೆ ರಾಜ್ಯದ ಮುದ್ರೆ ಇದ್ದ ಪತ್ರ ಕಳಿಸಿದರು. ನ್ಯಾಯಾಧೀಶರ ಚುನಾವಣೆ ಅದು, ಪಕ್ಷಗಳಿಲ್ಲ. ಆದರೆ ಪತ್ರದಲ್ಲಿ ಅಭ್ಯರ್ಥಿಗಳನ್ನು ಡೆಮಾಕ್ರಟಿಕ್ ಪಕ್ಷದ ಒಬಾಮಾ ಮತ್ತು ರಿಪಬ್ಲಿಕನ್ ಪಕ್ಷದ ರಾಮ್ನಿ ನಡುವಿನ ಗೆರೆಯ ಮೇಲೆ ಕೂರಿಸಿದ್ದರು. ದೊಡ್ಡ ಗಲಾಟೆಯಾಗಿ ವಿಶ್ವವಿದ್ಯಾಲಯಗಳು ಕ್ಷಮೆ ಕೇಳಿದವು.

ಅದೇ ವರ್ಷದ ಕೊನೆಗೆ ಒಂದು ಪ್ರತಿಷ್ಠಿತ ವಿಜ್ಞಾನ ಪತ್ರಿಕೆಯಲ್ಲಿ ಸಲಿಂಗ ವಿವಾಹದ ಬಗ್ಗೆ ಮನೆ ಬಾಗಿಲಲ್ಲಿ ಮಾತಾಡಿ ಜನರ ಅಭಿಪ್ರಾಯ ಬದಲಿಸಬಹುದು ಎಂಬ ಅಧ್ಯಯನ ಬಂತು. ಅದೇ ರೀತಿ ಮಾಡಿ ನೋಡಲು ಹೊರಟ ಬೇರೆ ಸಂಶೋಧಕರಿಗೆ ಅಂಕಿಗಳ ಮೇಲೆ ಅನುಮಾನ ಬಂತು. 2015ರಲ್ಲಿ ಪತ್ರಿಕೆ ಲೇಖನ ಹಿಂಪಡೆಯಿತು. ತಮಾಷೆ ಎಂದರೆ, ಅನುಮಾನ ಎತ್ತಿದವರಲ್ಲಿ ಇಬ್ಬರು 2016ರಲ್ಲಿ ತಾವೇ ನಿಜವಾದ ಅಧ್ಯಯನ ಮಾಡಿ, ಇನ್ನೊಂದು ವಿಷಯದಲ್ಲಿ ಅಂಥ ಮಾತುಕತೆಯಿಂದ ಪೂರ್ವಗ್ರಹ ಕಡಿಮೆಯಾಗುತ್ತದೆ ಎಂದು ತೋರಿಸಿದರು. 2015ರ ನಂತರ ಬಂದ ಪುಸ್ತಕದಲ್ಲಿ ದತ್ತಾಂಶ ಹಂಚಿಕೊಳ್ಳುವ, ಅಧ್ಯಯನವನ್ನು ಮರಳಿ ಮಾಡಿ ನೋಡುವ ಮಾತೇ ಇಲ್ಲದಿದ್ದರೆ ಅದು ದೊಡ್ಡ ಕೊರತೆ.

ಅಭ್ಯಾಸ ಪ್ರಶ್ನೆಗಳಲ್ಲಿ ಏನು ನೋಡಬೇಕು?

ಎರಡು ಪ್ರಶ್ನೆ ಅಕ್ಕಪಕ್ಕ ಇಡುತ್ತೇನೆ, ಎರಡೂ ನಾನೇ ಬರೆದದ್ದು.

‘ಸ್ಯಾಂಪಲಿಂಗ್‌ನ ವಿಧಗಳನ್ನು ವಿವರಿಸಿ.’

‘ಒಂದು ವಾಹಿನಿ ಕಾರ್ಯಕ್ರಮದ ನಡುವೆ ಮೆಸೇಜ್ ಮಾಡಲು ಹೇಳಿತು, 40,000 ಜನ ಉತ್ತರಿಸಿದರು. ಇನ್ನೊಂದು ಸಂಸ್ಥೆ ಯಾದೃಚ್ಛಿಕವಾಗಿ ಆರಿಸಿದ 900 ಜನರನ್ನು ಕೇಳಿತು. ಯಾವುದನ್ನು ಜಾಸ್ತಿ ನಂಬುತ್ತೀರಿ? ನಂಬಿದ್ದರ ಮೇಲೂ ನಿಮಗಿರುವ ಒಂದು ಅನುಮಾನ ಬರೆಯಿರಿ.’

ಮೊದಲನೆಯದಕ್ಕೆ ಪುಸ್ತಕ ನೋಡಿ ಬರೆದರೆ ಮುಗಿಯಿತು. ಎರಡನೆಯದರ ಕೊನೆಯ ವಾಕ್ಯಕ್ಕೆ ಪುಸ್ತಕದಲ್ಲಿ ಉತ್ತರ ಇಲ್ಲ, ಯೋಚಿಸಲೇಬೇಕು. ಅಭ್ಯಾಸದಲ್ಲಿ ಅರ್ಧದಷ್ಟಾದರೂ ಎರಡನೇ ಜಾತಿಯವು ಇರಬೇಕು.

ಸಾಫ್ಟ್‌ವೇರ್ ಜೊತೆ ಬರುವ ಪುಸ್ತಕ ಒಳ್ಳೆಯದಾ?

ನಿಮ್ಮ ಹತ್ತಿರ ಆ ಸಾಫ್ಟ್‌ವೇರ್ ಇದ್ದರೆ ಒಳ್ಳೆಯದು. ಆರ್ (R) ಎಂಬ ಅಂಕಿಅಂಶದ ಸಾಫ್ಟ್‌ವೇರ್ ಉಚಿತ. ಎಸ್‌ಪಿಎಸ್‌ಎಸ್, ಸ್ಟಾಟಾ ದುಡ್ಡು ಕೊಟ್ಟು ತಗೊಳ್ಳಬೇಕು. ಎಸ್‌ಪಿಎಸ್‌ಎಸ್ ಹುಟ್ಟಿದ್ದು 1968ರಲ್ಲಿ, ಅದನ್ನು ಕಟ್ಟಿದ ಮೂವರಲ್ಲಿ ನಾರ್ಮನ್ ನೀ ರಾಜ್ಯಶಾಸ್ತ್ರದ ವಿದ್ಯಾರ್ಥಿ. ಹಾಗಾಗಿ ‘ನಮಗ್ಯಾಕೆ ಕಂಪ್ಯೂಟರ್’ ಎನ್ನುವ ಮಾತು ನಮ್ಮವರ ಬಾಯಲ್ಲಿ ಬರಬಾರದು. ಆದರೆ ಪುಸ್ತಕದ ಮುಕ್ಕಾಲು ಭಾಗ ‘ಈ ಬಟನ್ ಒತ್ತಿ, ಆ ಮೆನು ತೆರೆಯಿರಿ’ ಎಂದಾದರೆ ಮುಂದಿನ ಆವೃತ್ತಿ ಬಂದ ದಿನವೇ ಅದು ಹಳತಾಗುತ್ತದೆ.

ಹಳೆಯ ಆವೃತ್ತಿ ನಡೆಯುತ್ತದಾ?

ಅಳತೆ, ಸ್ಯಾಂಪಲಿಂಗ್, ಪ್ರಶ್ನಾವಳಿಗೆ ನಡೆಯುತ್ತದೆ. ಪ್ರಯೋಗ, ದತ್ತಾಂಶ ಹಂಚಿಕೆ, ಆನ್‌ಲೈನ್ ಸಮೀಕ್ಷೆಗೆ ನಡೆಯುವುದಿಲ್ಲ.

ಸಮಾಜಶಾಸ್ತ್ರದ ವಿಧಾನದ ಪುಸ್ತಕವನ್ನೇ ಬಳಸಿದರೆ?

ಮುಕ್ಕಾಲು ಪಾಲು ಕೆಲಸ ಆಗುತ್ತದೆ. ಉಳಿಯುವ ಕಾಲು ಭಾಗದಲ್ಲೇ ನಮ್ಮ ತಲೆನೋವು ಇರುವುದು: ದೇಶಗಳ ಹೋಲಿಕೆ, ಚುನಾವಣಾ ದತ್ತಾಂಶ, ಸರ್ಕಾರಿ ಕಡತಗಳು, ಅಧಿಕಾರದಲ್ಲಿರುವವರ ಸಂದರ್ಶನ. ಮಂತ್ರಿಯೊಬ್ಬರು ಕೊಟ್ಟ ಉತ್ತರವನ್ನು ಎಷ್ಟು ನಂಬಬೇಕು ಎನ್ನುವುದು ಬೇರೆಯದೇ ಕಸುಬು.

ವಿದ್ಯಾರ್ಥಿಗಳ ಅಭಿಪ್ರಾಯ ಕೇಳಬೇಕಾ?

ಕೇಳಿ, ಆದರೆ ‘ಪುಸ್ತಕ ಹೇಗಿದೆ’ ಅಂತಲ್ಲ. ಆ ಪ್ರಶ್ನೆಗೆ ‘ಚೆನ್ನಾಗಿದೆ ಸರ್’ ಎಂಬ ಉತ್ತರ ಬರುತ್ತದೆ, ಓಟಿನ ಪ್ರಶ್ನೆಗೆ ಬಂದ ಹಾಗೇ. ಮಧ್ಯದ ಅಧ್ಯಾಯದ ಎರಡು ಪುಟ ಜೆರಾಕ್ಸ್ ಮಾಡಿ ನಾಲ್ಕು ಜನರಿಗೆ ಕೊಡಿ. ಓದಿ ಮುಗಿದ ಮೇಲೆ ಪುಟ ವಾಪಸ್ ತಗೊಳ್ಳಿ. ಏನು ಓದಿದಿರಿ ಎಂದು ಅವರದೇ ಮಾತಲ್ಲಿ ಹೇಳಿಸಿ. ನಾಲ್ವರೂ ಒಂದೇ ಜಾಗದಲ್ಲಿ ಎಡವಿದರೆ ತಪ್ಪು ಪುಸ್ತಕದ್ದು.

ಅಂಕ ಹಾಕುವ ಪಟ್ಟಿ ಮಾಡಿಕೊಂಡು ಆರಿಸಬಹುದಾ?

ಸಮಿತಿಗೆ ವರದಿ ಕೊಡಬೇಕಿದ್ದರೆ ಮಾಡಿ. ನಾನು ಮಾಡುವುದಿಲ್ಲ. ಚಿತ್ರಗಳಿಗೆ 10, ಮುದ್ರಣಕ್ಕೆ 10, ಅಳತೆಯ ಅಧ್ಯಾಯಕ್ಕೂ 10 ಎಂದು ಹಾಕಿದರೆ ಚಂದದ ಮುಖಪುಟವೇ ಗೆಲ್ಲುತ್ತದೆ. ಅದೂ ಒಂದು ಸಿಂಧುತ್ವದ ಸಮಸ್ಯೆಯೇ ಅಲ್ವಾ!

ಯಾವ ಪುಸ್ತಕವೂ ಪೂರ್ತಿ ಸರಿ ಅನ್ನಿಸದಿದ್ದರೆ?

ಅನ್ನಿಸುವುದಿಲ್ಲ. ಅಳತೆಯ ಅಧ್ಯಾಯ ಮತ್ತು ಕಾರಣದ ಅಧ್ಯಾಯ ಗಟ್ಟಿ ಇರುವುದನ್ನು ತಗೊಳ್ಳಿ, ಆ ಎರಡನ್ನು ಹೊರಗಿನಿಂದ ತಂದು ಹೊಂದಿಸುವುದು ಕಷ್ಟ. ನೈತಿಕತೆ, ಪ್ರಯೋಗಕ್ಕೆ ಒಂದೊಂದು ಲೇಖನ ಕೊಟ್ಟು ನಿಭಾಯಿಸಬಹುದು. ಪುಸ್ತಕದಲ್ಲಿರುವ ತಪ್ಪುಗಳನ್ನು ಮುಚ್ಚಿಡಬೇಡಿ. ಆ ತಪ್ಪು ಕೋಷ್ಟಕವನ್ನು ನಾನು ಈಗಲೂ ಪ್ರತಿ ವರ್ಷ ಮೊದಲ ವಾರ ಬೋರ್ಡ್ ಮೇಲೆ ಬರೆದು, ಏನೂ ಹೇಳದೆ ಕೂರುತ್ತೇನೆ. ಸಾಮಾನ್ಯವಾಗಿ ಹತ್ತು ನಿಮಿಷದೊಳಗೆ ಯಾರಾದರೊಬ್ಬರು ಕೈ ಎತ್ತುತ್ತಾರೆ.